ಘಟ್ಟದ ದಾರಿಯೂ ಎಣ್ಣೆಯ ಕೊಳವೆಯೂ

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲೂಕುಗಳು ಸಹ್ಯಾದ್ರಿಯ ಮೇಲಣ ಮಲೆನಾಡು. ಇಲ್ಲಿಯ ಅನೇಕ ಊರುಗಳಲ್ಲಿ ಮನೆಗಳು ಸಾಲಾಗಿ ಒತ್ತೊತ್ತಾಗಿ ನಿಂತಿರುವುದಿಲ್ಲ. ಕಣಿವೆಯ ತಳದಲ್ಲಿ ಅಡಿಕೆಯ ತೋಟ, ತೋಟದ ತಲೆಯ ಮೇಲೆ ಒಂದು ಮನೆ, ಮನೆಯ ಹಿಂದೆ ಸೊಪ್ಪಿನ ಬೆಟ್ಟ. ಮುಂದಿನ ಮನೆಯನ್ನು ಕಾಣಬೇಕಾದರೆ ಒಂದು ದಿಬ್ಬವನ್ನು ಏರಿ ಇಳಿದು, ಹಳ್ಳವೊಂದನ್ನು ಸಂಕದ ಮೇಲೆ ದಾಟಿ ಹೋಗಬೇಕು. ಪೇಟೆಗೆ ಹೋಗುವ ಡಾಮರಿನ ರಸ್ತೆ ಸಿಗುವ ಮೊದಲು ಕೆಮ್ಮಣ್ಣಿನ ದಾರಿ ಇದ್ದೇ ಇರುತ್ತದೆ. ಕರಾವಳಿಗೆ ಇಳಿಯುವವರಿಗೆ ಘಟ್ಟಗಳು ಎದುರಾಗುತ್ತವೆ: ಶಿರಸಿಯಿಂದ ಕುಮಟೆಗೆ ದೇವಿಮನೆ ಘಟ್ಟ, ಯಲ್ಲಾಪುರದಿಂದ ಅಂಕೋಲೆಗೆ ಅರಬೈಲು ಘಟ್ಟ, ಸಿದ್ದಾಪುರದಿಂದ ಕುಮಟೆಯ ಕಡೆಗೆ ದೊಡ್ಡಮನೆ ಘಟ್ಟ. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಸುರಿಯುವ ಮಳೆ ಈ ದಾರಿಗಳ ಮೇಲೆ ತನ್ನ ಕೆಲಸವನ್ನು ನಡೆಸುತ್ತಲೇ ಇರುತ್ತದೆ. ಡಾಮರು ಕಿತ್ತು ಹೊಂಡಗಳಾಗುತ್ತವೆ. ಹೊಂಡಗಳಲ್ಲಿ ಕೆಂಪು ನೀರು ನಿಂತು ಅವುಗಳ ಆಳ ತಿಳಿಯದಂತಾಗುತ್ತದೆ. ಮಳೆ ನಿಂತು ಕೆಲವು ವಾರಗಳಾದರೆ ಅದೇ ಕೆಸರು ಒಣಗಿ, ನುಣ್ಣಗಿನ ಧೂಳಾಗಿ ಏಳುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿಯನ್ನು ಕುಮಟೆಯ ಬಂದರಿಗೆ ಸಾಗಿಸುತ್ತಿದ್ದ ಎತ್ತಿನ ಗಾಡಿಗಳಿಗೆ ಸ್ಪ್ರಿಂಗು ಇರಲಿಲ್ಲ. ಚಕ್ರಕ್ಕೆ ಬಿದ್ದ ಪೆಟ್ಟು ಅಚ್ಚಿಗೆ, ಅಚ್ಚಿಗೆ ಬಿದ್ದುದು ಗಾಡಿಗೆ, ಗಾಡಿಯಿಂದ ಅದರಲ್ಲಿ ಕುಳಿತವನ ಬೆನ್ನಿಗೆ ನೇರವಾಗಿ ತಲುಪುತ್ತಿದ್ದಿತು. ಎತ್ತುಗಳ ನಡಿಗೆ ನಿಧಾನವಾದುದರಿಂದ ಹೇಗೋ ಸಹಿಸಬಹುದಾಗಿದ್ದಿತು. ಈಗ ಈ ದಾರಿಗಳಲ್ಲಿ ಮೋಟಾರು ಸೈಕಲ್ಲುಗಳು ಓಡಾಡುತ್ತವೆ. ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗುವವರು, ಮಗುವಿಗೆ ಜ್ವರ ಬಂದರೆ ರಾತ್ರಿಯಲ್ಲಿಯೇ ಪೇಟೆಯ ಆಸ್ಪತ್ರೆಗೆ ಧಾವಿಸುವವರು, ತೋಟದಿಂದ ತೋಟಕ್ಕೆ ಹೋಗಿ ಅಡಿಕೆಯ ಕೊನೆ ಕೊಯ್ಯುವ ಕೊನೆಗೌಡರು, ಇವರೆಲ್ಲರ ಬದುಕು ಎರಡು ಚಕ್ರಗಳ ಮೇಲೆ ನಿಂತಿದೆ. ಆ ಎರಡರಲ್ಲಿ ಮುಂದಿನ ಚಕ್ರವು ನೆಲವನ್ನು ಬಿಡದೆ ಹಿಡಿದಿರಬೇಕು. ಅದು ಹಾಗೆ ಹಿಡಿದಿರುವುದಕ್ಕೆ ಕಾರಣವಾದ ವಸ್ತು ಯಾವುದು ಎಂದು ಕೇಳಿದರೆ ಹೆಚ್ಚಿನವರು ಸ್ಪ್ರಿಂಗು ಎನ್ನುತ್ತಾರೆ. ಆ ಉತ್ತರ ಅರ್ಧ ಮಾತ್ರ ನಿಜ.

ಕೊನೆಗೌಡನು ಒಂದು ಅಡಿಕೆಯ ಮರದ ತುದಿಯಿಂದ ಪಕ್ಕದ ಮರಕ್ಕೆ ದಾಟುವ ರೀತಿಯನ್ನು ಈ ಸೀಮೆಯಲ್ಲಿ ನೋಡದವರಿಲ್ಲ. ತಾನಿರುವ ಮರವನ್ನು ತೂಗಿ ಬಾಗಿಸಿ, ಎದುರಿನ ಮರವನ್ನು ಕೈಗೆ ಸಿಕ್ಕಿಸಿಕೊಂಡು, ಹಿಂದಿನದನ್ನು ಬಿಟ್ಟುಬಿಡುತ್ತಾನೆ. ಬಿಟ್ಟ ಮರ ನೆಟ್ಟಗಾಗಿ ಅಲ್ಲಿಯೇ ನಿಲ್ಲುತ್ತದೆಯೆ? ಇಲ್ಲ. ಆ ಕಡೆಗೆ ಬಾಗುತ್ತದೆ, ಈ ಕಡೆಗೆ ಬಾಗುತ್ತದೆ. ಹಲವು ಸಲ ತೂಗಾಡಿದ ಮೇಲೆ ನಿಲ್ಲುತ್ತದೆ. ಸ್ಪ್ರಿಂಗಿನ ಸ್ವಭಾವವೂ ಇದೇ. ಅದು ಪೆಟ್ಟನ್ನು ನುಂಗುವುದಿಲ್ಲ. ಸಾಲವಾಗಿ ಪಡೆದು ಹಿಂದಿರುಗಿಸುತ್ತದೆ. ಹೊಂಡಕ್ಕೆ ಬಿದ್ದ ಚಕ್ರ ಸ್ಪ್ರಿಂಗನ್ನು ಒತ್ತುತ್ತದೆ, ಒತ್ತಿದ ಸ್ಪ್ರಿಂಗು ಚಕ್ರವನ್ನು ಹಿಂದಕ್ಕೆ ತಳ್ಳುತ್ತದೆ, ಗಾಡಿ ಮೇಲಕ್ಕೆ ಹಾರುತ್ತದೆ, ಮತ್ತೆ ಕುಸಿಯುತ್ತದೆ. ಒಂದು ಹೊಂಡದ ಕುಣಿತ ಮುಗಿಯುವ ಮೊದಲೇ ಇನ್ನೊಂದು ಹೊಂಡ ಬಂದರೆ ಕುಣಿತಕ್ಕೆ ಕುಣಿತ ಸೇರಿ ಚಕ್ರವು ನೆಲದಿಂದ ಮೇಲೆದ್ದುಬಿಡುತ್ತದೆ. ಗಾಳಿಯಲ್ಲಿರುವ ಚಕ್ರಕ್ಕೆ ಬ್ರೇಕು ಹಾಕಿ ಪ್ರಯೋಜನವಿಲ್ಲ, ಹ್ಯಾಂಡಲು ತಿರುಗಿಸಿಯೂ ಪ್ರಯೋಜನವಿಲ್ಲ. ಘಟ್ಟದ ತಿರುವಿನಲ್ಲಿ ಅದು ಒಂದು ಕ್ಷಣವಾದರೂ ಸಾಕು.

ಈ ಕುಣಿತವನ್ನು ಅಡಗಿಸಲು ಮತ್ತೊಂದು ವಸ್ತು ಬೇಕು. ಅದೇ ಎಣ್ಣೆ.

ಕೆರೆಯ ನೀರಿನಲ್ಲಿ ಅಂಗೈಯನ್ನು ಮೆಲ್ಲನೆ ಆಡಿಸಿದರೆ ನೀರು ದಾರಿ ಕೊಡುತ್ತದೆ. ಬಿರುಸಿನಿಂದ ಬೀಸಿದರೆ ಅದೇ ನೀರು ಕೈಯನ್ನು ತಡೆದು ನಿಲ್ಲಿಸುತ್ತದೆ. ದ್ರವದ ತಡೆಯು ವೇಗದೊಡನೆ ಹೆಚ್ಚುತ್ತದೆ. ಒಂದು ಕೊಳವೆಯಲ್ಲಿ ಎಣ್ಣೆಯನ್ನು ತುಂಬಿ, ಅದರೊಳಗೆ ಸಣ್ಣ ರಂಧ್ರಗಳುಳ್ಳ ಒಂದು ಬಿಲ್ಲೆಯನ್ನು ಸರಳಿನ ತುದಿಗೆ ಕಟ್ಟಿ ಆಡಿಸಿದರೆ, ಎಣ್ಣೆಯು ಆ ರಂಧ್ರಗಳ ಮೂಲಕ ನುಸುಳಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬೇಕು. ಮೆಲ್ಲನೆ ತಳ್ಳಿದರೆ ನುಸುಳಲು ಕಾಲಾವಕಾಶವಿರುತ್ತದೆ. ಥಟ್ಟನೆ ತಳ್ಳಿದರೆ ಎಣ್ಣೆಯ ಪದರಗಳು ಒಂದರೊಡನೊಂದು ಉಜ್ಜಿಕೊಂಡು ಪ್ರತಿಭಟಿಸುತ್ತವೆ. ಈ ಗುಣಕ್ಕೆ ಸ್ನಿಗ್ಧತೆ ಎಂದು ಹೆಸರು. ಸ್ಪ್ರಿಂಗಿನ ಪಕ್ಕದಲ್ಲಿ ಇಂತಹ ಕೊಳವೆಯೊಂದನ್ನು ಇಟ್ಟರೆ, ಸ್ಪ್ರಿಂಗು ಹಿಂದಿರುಗಿಸುವ ಶಕ್ತಿಯನ್ನು ಎಣ್ಣೆಯು ಹಿಡಿದುಕೊಳ್ಳುತ್ತದೆ. ಆ ಶಕ್ತಿ ನಾಶವಾಗುವುದಿಲ್ಲ, ಉಷ್ಣವಾಗುತ್ತದೆ. 1845ರಲ್ಲಿ ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೂಲನು ಕೆಳಗಿಳಿಯುವ ತೂಕಗಳಿಂದ ನೀರಿನೊಳಗೆ ಹಲಗೆಗಳನ್ನು ತಿರುಗಿಸಿ, ನೀರು ಎಷ್ಟು ಬೆಚ್ಚಗಾಯಿತೆಂದು ಅಳೆದು ತೋರಿಸಿದ ಪ್ರಯೋಗ ಪ್ರಸಿದ್ಧವಾಗಿದೆ. ಒರಟು ದಾರಿಯಲ್ಲಿ ಬಹಳ ಹೊತ್ತು ಓಡಿ ನಿಂತ ಬಂಡಿಯ ಎಣ್ಣೆಯ ಕೊಳವೆಯನ್ನು ಮುಟ್ಟಿ ನೋಡಿದರೆ ಅದು ಬೆಚ್ಚಗಿರುವುದು ಅದೇ ನಿಯಮದಿಂದಲೇ.

ಇಂತಹ ಕೊಳವೆಗೆ ಪುಸ್ತಕದ ಭಾಷೆಯಲ್ಲಿ ಆಘಾತಶಾಮಕವೆಂದು ಹೆಸರು. ರಿಪೇರಿಯ ಅಂಗಡಿಗಳಲ್ಲಿ ಅದು ಶಾಕ್ ಅಬ್ಸಾರ್ಬರ್, ಇನ್ನೂ ಚಿಕ್ಕದಾಗಿ ಬರಿಯ ಶಾಕ್. ಬಸ್ಸು ಲಾರಿಗಳ ಪಟ್ಟಿ ಸ್ಪ್ರಿಂಗುಗಳಲ್ಲಿ ಉಕ್ಕಿನ ಪಟ್ಟಿಗಳು ಒಂದರ ಮೇಲೊಂದು ಉಜ್ಜಿಕೊಳ್ಳುವುದರಿಂದಲೂ ಕುಣಿತ ಸ್ವಲ್ಪ ಅಡಗುತ್ತದೆ. ಸುರುಳಿಯಾದ ಸ್ಪ್ರಿಂಗಿಗೆ ಆ ಅನುಕೂಲವಿಲ್ಲ. ಅದಕ್ಕೆ ಎಣ್ಣೆಯ ಸಹಾಯ ಬೇಕೇ ಬೇಕು.

ಮೋಟಾರು ಸೈಕಲ್ಲಿನ ಮುಂಚಕ್ರವನ್ನು ಹಿಡಿದಿರುವ ಎರಡು ಕಾಲುಗಳೇ ಎಣ್ಣೆಯ ಕೊಳವೆಗಳು. ಜರ್ಮನಿಯ ಬಿ.ಎಂ.ಡಬ್ಲ್ಯು. ಸಂಸ್ಥೆಯು 1935ರಲ್ಲಿ ಇಂತಹ ಕಾಲುಗಳುಳ್ಳ ಮೋಟಾರು ಸೈಕಲ್ಲುಗಳನ್ನು ಮಾರಾಟಕ್ಕೆ ತಂದಿತು. ಕರ್ನಾಟಕದಲ್ಲಿಯೇ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1960ರ ದಶಕದ ಆರಂಭದಿಂದ 1996ರಲ್ಲಿ ಮುಚ್ಚುವವರೆಗೆ ತಯಾರಿಸಿದ ಜಾವಾ ಮತ್ತು ಯೆಜ್ಡಿ ಬಂಡಿಗಳಿಗೂ ಇಂತಹ ಕಾಲುಗಳೇ ಇದ್ದುವು. ರಚನೆ ಸರಳವಾದುದು. ಮೇಲಿನಿಂದ ಬರುವ ಉಕ್ಕಿನ ಕೊಳವೆಯೊಂದು ಕೆಳಗಿನ ದಪ್ಪನೆಯ ಕೊಳವೆಯೊಳಗೆ ಜಾರುತ್ತದೆ. ಉಕ್ಕಿನ ಕೊಳವೆಗೆ ಕ್ರೋಮಿಯಂ ಲೇಪನ ಕೊಟ್ಟು ಕನ್ನಡಿಯಂತೆ ನುಣುಪು ಮಾಡಿರುತ್ತಾರೆ. ಒಳಗೆ ಸ್ಪ್ರಿಂಗು, ಸ್ಪ್ರಿಂಗಿನ ಸುತ್ತ ಎಣ್ಣೆ, ಎಣ್ಣೆ ಹಾಯುವುದಕ್ಕೆ ಅಳತೆಯ ರಂಧ್ರಗಳು. ಚಕ್ರ ಮೇಲೇರುವಾಗ ತಡೆ ಕಡಮೆಯಾಗಿಯೂ ಹಿಂದಿರುಗುವಾಗ ಹೆಚ್ಚಾಗಿಯೂ ಇರುವಂತೆ ರಂಧ್ರಗಳನ್ನು ಏರ್ಪಡಿಸಿರುತ್ತಾರೆ. ಕೊಳವೆಯ ಮೇಲ್ಭಾಗದಲ್ಲಿ ಒಂದಿಷ್ಟು ಗಾಳಿಗೆ ಜಾಗವನ್ನು ಬಿಟ್ಟಿರುತ್ತಾರೆ. ಇದು ವ್ಯರ್ಥವಾದ ಜಾಗವಲ್ಲ. ಎಣ್ಣೆಯು ಕುಗ್ಗದ ವಸ್ತು. ಕಾಲು ಕುಸಿದಂತೆಲ್ಲ ಒಳಗಣ ಸ್ಥಳ ಕಿರಿದಾಗುತ್ತದೆ. ಆಗ ಕುಗ್ಗಬಲ್ಲ ಗಾಳಿಯೇ ಇಲ್ಲದಿದ್ದರೆ ಒತ್ತಡವೆಲ್ಲ ಎಲ್ಲಿಗೆ ಹೋಗಬೇಕು? ಪ್ಯಾಸ್ಕಲನ ನಿಯಮದಂತೆ ಎಲ್ಲ ಕಡೆಗೂ ಹೋಗುತ್ತದೆ. ಎಲ್ಲಿ ಗೋಡೆ ದುರ್ಬಲವೋ ಅಲ್ಲಿಂದ ಹೊರಗೆ ನುಗ್ಗುತ್ತದೆ.

ದುರ್ಬಲವಾದ ಜಾಗ ಯಾವುದೆಂದರೆ, ಚಲಿಸುವ ಕೊಳವೆ ಹೊರಗೆ ಬರುವ ಬಾಯಿ. ಆ ಬಾಯಿಯಲ್ಲಿ ರಬ್ಬರಿನ ಒಂದು ಬಳೆಯನ್ನು ಕೂರಿಸಿರುತ್ತಾರೆ. ಅದೇ ಆಯಿಲ್ ಸೀಲು. ಅದರ ಒಳ ಅಂಚು ತುಟಿಯಂತೆ ತೆಳ್ಳಗಿದ್ದು ಉಕ್ಕಿನ ಕೊಳವೆಯನ್ನು ಸುತ್ತಲೂ ಅಪ್ಪಿಕೊಂಡಿರುತ್ತದೆ. ಈ ಬಡ ಬಳೆಗೆ ವಹಿಸಿರುವ ಕೆಲಸಗಳು ಒಂದಕ್ಕೊಂದು ವಿರುದ್ಧವಾದುವು. ಕೊಳವೆಯನ್ನು ಬಿಗಿಯಾಗಿ ಹಿಡಿಯಬೇಕು, ಆದರೆ ಅದರ ಜಾರಾಟಕ್ಕೆ ಅಡ್ಡಿಯಾಗಬಾರದು. ಎಣ್ಣೆಯನ್ನು ಒಳಗೆ ತಡೆಯಬೇಕು, ಆದರೆ ಕೂದಲಿಗಿಂತ ತೆಳುವಾದ ಒಂದು ಪೊರೆಯನ್ನು ಕೊಳವೆಯ ಮೇಲೆ ಬಿಡಬೇಕು. ಇಲ್ಲದಿದ್ದರೆ ತುಟಿಯೇ ಒಣಗಿ ಸವೆದುಹೋಗುತ್ತದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕೈಪಂಪಿನ ಸರಳು ಹೊರಬರುವಲ್ಲಿ ಒಂದು ವಾಷರು ಇರುತ್ತದೆಯಷ್ಟೆ? ಅದು ಸವೆದಾಗ ನೀಲಿಯ ದ್ರಾವಣ ಮರಕ್ಕೆ ಹೋಗುವ ಬದಲು ಪಂಪು ಒತ್ತುವವನ ಕೈಮೇಲೆ ಸುರಿಯುತ್ತದೆ. ಎರಡೂ ಕಡೆ ನಡೆಯುವುದು ಒಂದೇ ಸಂಗತಿ.

ಇದೇ ಕೆಲಸವನ್ನು ಇನ್ನೂ ಸರಳವಾಗಿ ಮಾಡುವ ಮತ್ತೊಂದು ಬಗೆಯ ಬಳೆಯುಂಟು. ಅದರ ಹೆಸರು ಓ-ರಿಂಗು. ಅಡ್ಡಕ್ಕೆ ಕತ್ತರಿಸಿದರೂ ದುಂಡು, ಮೇಲಿನಿಂದ ನೋಡಿದರೂ ದುಂಡು. ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕೆಗೆ ವಲಸೆ ಹೋದ ನೀಲ್ಸ್ ಕ್ರಿಸ್ಟೆನ್ಸನ್ ಎಂಬಾತನು 1937ರಲ್ಲಿ, ತನ್ನ ಎಪ್ಪತ್ತನೆಯ ವಯಸ್ಸು ದಾಟಿದ ಮೇಲೆ, ಇದಕ್ಕೆ ಪೇಟೆಂಟು ಕೋರಿ ಅರ್ಜಿ ಹಾಕಿದನು. ಅವನ ಜಾಣತನವಿದ್ದುದು ಬಳೆಗಿಂತ ಹೆಚ್ಚಾಗಿ ಬಳೆ ಕೂರುವ ಗಾಡಿಯ ಅಳತೆಯಲ್ಲಿ. ಗಾಡಿಯು ಬಳೆಯನ್ನು ಸ್ವಲ್ಪವೇ ಅದುಮಿ ಹಿಡಿಯಬೇಕು. ಬಳೆಗೆ ಅತ್ತಿತ್ತ ಹೊರಳಲು ಸ್ವಲ್ಪ ಜಾಗವೂ ಇರಬೇಕು. ಆಗ ದ್ರವದ ಒತ್ತಡವೇ ಬಳೆಯನ್ನು ಮೂಲೆಗೆ ತಳ್ಳಿ ಸಂದನ್ನು ಮುಚ್ಚಿಸುತ್ತದೆ. ಒತ್ತಡ ಹೆಚ್ಚಿದಂತೆ ಮುಚ್ಚಿಗೆಯೂ ಬಿಗಿಯಾಗುತ್ತದೆ. ಆದರೆ ರಬ್ಬರು ಮೆತ್ತಗಿದ್ದು ಬೇಗನೆ ಹಿಗ್ಗುವಂತಿದ್ದರೆ ಮಾತ್ರ ಇದು ಸಾಧ್ಯ.

ಇಷ್ಟೆಲ್ಲವನ್ನೂ ಮೇಜಿನ ಮೇಲೆ ಬಿಚ್ಚಿ ನೋಡಬೇಕೆನ್ನುವವರಿಗೆ ಒಂದು ಆಟದ ವಸ್ತುವಿದೆ. ಅದು ರೇಡಿಯೋ ತರಂಗಗಳಿಂದ ದೂರದಲ್ಲಿ ನಿಂತು ನಡೆಸುವ ಪುಟ್ಟ ಕಾರು. ಜಪಾನಿನ ತಮಿಯಾ ಸಂಸ್ಥೆಯು 1976ರಲ್ಲಿ ನಿಜವಾದ ಕಾರಿನ ಹನ್ನೆರಡನೆಯ ಒಂದು ಪಾಲಿನಷ್ಟು ಗಾತ್ರದ ಪೋರ್ಶೆ ಕಾರನ್ನು ಹೊರತಂದ ಮೇಲೆ ಇಂತಹ ಕಾರುಗಳನ್ನು ಜೋಡಿಸಿ ಓಡಿಸುವ ಹವ್ಯಾಸ ಅನೇಕ ದೇಶಗಳಲ್ಲಿ ಹಬ್ಬಿತು. ಕಲ್ಲುಮಣ್ಣಿನ ನೆಲದಲ್ಲಿ ಓಡುವುದಕ್ಕಾಗಿ ಮಾಡಿದ ಕಾರುಗಳ ನಾಲ್ಕು ಚಕ್ರಗಳಿಗೂ ಕಿರುಬೆರಳಿನಷ್ಟು ದಪ್ಪದ ಎಣ್ಣೆಯ ಶಾಕುಗಳಿರುತ್ತವೆ. ಅವು ಆಟಕ್ಕೆಂದು ಮಾಡಿದ ತೋರಿಕೆಯ ಕೊಳವೆಗಳಲ್ಲ. ಒಳಗೆ ಎಣ್ಣೆ, ರಂಧ್ರಗಳ ಬಿಲ್ಲೆ, ನುಣುಪಾದ ಸರಳು, ತಳದಲ್ಲಿ ಒಂದೆರಡು ಓ-ರಿಂಗುಗಳು, ಮೇಲಿನ ಮುಚ್ಚಳದೊಳಗೆ ಗಾಳಿಯ ಕೆಲಸವನ್ನು ಮಾಡುವ ಮೆತ್ತನೆಯ ರಬ್ಬರಿನ ಬಟ್ಟಲು, ಎಲ್ಲವೂ ನಿಜವಾದ ಶಾಕಿನಂತೆಯೇ. ಅವು ಸೋರುವುದೂ ನಿಜವಾದ ಶಾಕಿನಂತೆಯೇ.

ಸೋರುವ ಪುಟ್ಟ ಶಾಕನ್ನು ಸರಿಪಡಿಸುವವನು ಮೊದಲು ಮಾಡಬೇಕಾದುದು ಒರೆಸುವ ಕೆಲಸ. ಒರೆಸಿ, ಒಣ ಬಟ್ಟೆಯ ಮೇಲೆ ಒಂದು ರಾತ್ರಿ ಬಿಟ್ಟರೆ ಎಣ್ಣೆ ಎಲ್ಲಿಂದ ಬರುತ್ತಿದೆಯೆಂಬುದು ತಾನಾಗಿ ಗೊತ್ತಾಗುತ್ತದೆ. ಮುಚ್ಚಳದ ಕೆಳಗಿನಿಂದ ಬಂದಿದ್ದರೆ ರಬ್ಬರಿನ ಬಟ್ಟಲು ವಾರೆಯಾಗಿ ಕುಳಿತಿದೆ, ಇಲ್ಲವೆ ಮುಚ್ಚಳದ ತಿರುಪು ಸಡಿಲವಾಗಿದೆ. ಸರಳಿನ ಬಳಿ ಬಂದಿದ್ದರೆ ಓ-ರಿಂಗು ಸವೆದಿದೆ, ಇಲ್ಲವೆ ಸರಳಿನ ಮೇಲೆ ಗೀರು ಬಿದ್ದಿದೆ. ಮೂರನೆಯ ಕಾರಣವೊಂದಿದೆ, ಅದನ್ನು ಮರೆಯುವವರೇ ಹೆಚ್ಚು. ಎಣ್ಣೆ ಹೆಚ್ಚಾದರೂ ಶಾಕು ಸೋರುತ್ತದೆ. ಸರಳು ಒಳಗೆ ಹೋದಾಗ ಅದರ ಗಾತ್ರದಷ್ಟು ಜಾಗ ಬೇಕು. ಕಂಠದವರೆಗೆ ತುಂಬಿ ಮುಚ್ಚಿದರೆ ಆ ಜಾಗವಿಲ್ಲದೆ ಹೊಸ ಬಳೆಯೂ ಎಣ್ಣೆಯನ್ನು ಉಗುಳುತ್ತದೆ. ಸೋರಿಕೆಯನ್ನು ಕಂಡು ಇನ್ನಷ್ಟು ಎಣ್ಣೆ ಸುರಿಯುವವನು ಸೋರಿಕೆಯನ್ನೇ ಬೆಳೆಸುತ್ತಿರುತ್ತಾನೆ.

ಬಳೆಯನ್ನು ಬದಲಿಸುವಾಗ ಹಳೆಯ ಎಣ್ಣೆಯನ್ನು ಪೂರ್ತಿ ಚೆಲ್ಲಿ, ಭಾಗಗಳನ್ನು ಬಟ್ಟೆಯಿಂದ ಶುಚಿಗೊಳಿಸಿ, ಸರಳನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಬೇಕು. ಗೀರಿದ್ದರೆ ಸರಳನ್ನೂ ಬದಲಿಸಬೇಕಾಗುತ್ತದೆ. ಹೊಸ ಬಳೆಗೆ ಎಣ್ಣೆ ಸವರಿ, ಸರಳಿನ ತುದಿಯ ತಿರುಪಿನ ಎಳೆಗಳು ಅದನ್ನು ಕೊಯ್ಯದಂತೆ ಮೆಲ್ಲನೆ ಸೇರಿಸಬೇಕು. ಅನಂತರ ಶಾಕನ್ನು ನೆಟ್ಟಗೆ ಹಿಡಿದು ಎಣ್ಣೆ ತುಂಬಿ, ಸರಳನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿದರೆ ಬಿಲ್ಲೆಯ ಕೆಳಗೆ ಸಿಕ್ಕಿಕೊಂಡ ಗಾಳಿ ಗುಳ್ಳೆಗಳಾಗಿ ಏಳುತ್ತದೆ. ಗುಳ್ಳೆಗಳೆಲ್ಲ ಒಡೆಯುವವರೆಗೆ ಕಾಯಬೇಕು. ಈ ಕಾಯುವ ಕೆಲಸವೇ ಚಿಕ್ಕವರಿಗೆ ಕಷ್ಟದ್ದು! ಗಾಳಿ ಬೆರೆತ ಎಣ್ಣೆ ನೊರೆಯಾಗುತ್ತದೆ; ನೊರೆಯು ರಂಧ್ರಗಳಲ್ಲಿ ಸಲೀಸಾಗಿ ಹಾಯ್ದುಹೋಗುವುದರಿಂದ ತಡೆ ಇಲ್ಲದಂತಾಗುತ್ತದೆ. ಕೊನೆಗೆ ಸರಳನ್ನು ಸ್ವಲ್ಪ ಒಳಗೆ ತಳ್ಳಿ, ಹೆಚ್ಚಿನ ಎಣ್ಣೆ ತುಳುಕಿದ ಮೇಲೆ ಮುಚ್ಚಳವನ್ನು ತಿರುಗಿಸಿ ಮುಚ್ಚಬೇಕು.

ಎಣ್ಣೆ ಎಂದಮಾತ್ರಕ್ಕೆ ಯಾವ ಎಣ್ಣೆಯಾದರೂ ಆದೀತೆ? ಅಡಿಗೆಮನೆಯ ತೆಂಗಿನೆಣ್ಣೆಯನ್ನೇ ನೋಡಬಹುದು. ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಯೇ ಹೆಪ್ಪುಗಟ್ಟಲು ತೊಡಗುತ್ತದೆ. ಶಿರಸಿಯ ಮಾಗಿಯ ಬೆಳಗಿನಲ್ಲಿ ಸೀಸೆಯನ್ನು ಬಿಸಿಲಿಗಿಟ್ಟು ಕಾಯುವ ಅನುಭವ ಎಲ್ಲರಿಗೂ ಇದೆ. ಅಂತಹ ಎಣ್ಣೆ ತುಂಬಿದ ಶಾಕು ಬೆಳಿಗ್ಗೆ ಮರದ ಗೂಟ, ಮಧ್ಯಾಹ್ನ ಬರಿಯ ನೀರು. ಪುಟ್ಟ ಕಾರುಗಳಿಗೆ ಸಿಲಿಕೋನ್ ಎಣ್ಣೆಯನ್ನು ಬಳಸುವುದು ಅದರ ಸ್ನಿಗ್ಧತೆ ಚಳಿ ಸೆಕೆಗಳಿಗೆ ಹೆಚ್ಚು ಬದಲಾಗದೆ ಇರುವುದರಿಂದ. ಪೆಟ್ರೋಲಿಯಂ ಎಣ್ಣೆಗಳು ಕೆಲವು ಜಾತಿಯ ರಬ್ಬರನ್ನು ಉಬ್ಬಿಸಿ ಕೆಡಿಸುತ್ತವೆ. ಆದುದರಿಂದ ಎಣ್ಣೆಯೂ ಬಳೆಯೂ ಒಂದಕ್ಕೊಂದು ಹೊಂದುವಂತಿರಬೇಕು.

ಆಟದ ಕಾರು ಸೋರಿದರೆ ಕೆಡುವುದು ಆಟ ಮಾತ್ರ. ಘಟ್ಟ ಇಳಿಯುವ ಮೋಟಾರು ಸೈಕಲ್ಲಿನ ಮಾತು ಬೇರೆ. ಅಲ್ಲಿ ಎಣ್ಣೆ ಕಡಮೆಯಾದಷ್ಟೂ ಚಕ್ರದ ಕುಣಿತ ಹೆಚ್ಚುತ್ತದೆ. ಸೋರಿದ ಎಣ್ಣೆ ಕಾಲಿನ ಮೇಲೆಯೇ ಇಳಿದು ಬ್ರೇಕಿನ ತಟ್ಟೆಯನ್ನು ತಲುಪುವುದೂ ಉಂಟು. ಎಣ್ಣೆ ಕುಡಿದ ಬ್ರೇಕಿಗೆ ಹಿಡಿತವಿರುವುದಿಲ್ಲ. ಇಷ್ಟಾದರೂ ಜನ ತಿಂಗಳುಗಟ್ಟಲೆ ಸೋರುವ ಕಾಲಿನ ಮೇಲೆಯೇ ಓಡಾಡುತ್ತಾರೆ. ಅದಕ್ಕೆ ಕಾರಣಗಳಿಲ್ಲದಿಲ್ಲ. ಮಳೆಗಾಲದ ಮುನ್ನ ಬೋರ್ಡೋ ಸಿಂಪಡಿಸುವ ಗಡಿಬಿಡಿಯಲ್ಲಿ ಒಂದು ದಿನ ಬಂಡಿಯನ್ನು ಅಂಗಡಿಯಲ್ಲಿ ಬಿಟ್ಟರೆ ಆಳುಗಳನ್ನು, ಮೈಲುತುತ್ತವನ್ನು, ಸುಣ್ಣವನ್ನು ತರುವವರು ಯಾರು? ಬಂಡಿಯಂತೂ ಓಡುತ್ತಿದೆ, ನಿನ್ನೆ ಓಡಿತು, ಇಂದೂ ಓಡಿತು, ನಾಳೆಯೂ ಓಡೀತು ಎಂಬುದೊಂದು ಧೈರ್ಯ.

ಈ ಬಗೆಯ ಧೈರ್ಯವು ದೊಡ್ಡ ಸಂಸ್ಥೆಗಳಲ್ಲಿಯೂ ಇರುತ್ತದೆ. ಅಮೆರಿಕೆಯ ಚಾಲೆಂಜರ್ ಎಂಬ ಅಂತರಿಕ್ಷ ನೌಕೆಯ ಪಕ್ಕದ ರಾಕೆಟ್ಟುಗಳನ್ನು ಹಲವು ಖಂಡಗಳಾಗಿ ಮಾಡಿ ಜೋಡಿಸಲಾಗಿದ್ದಿತು. ಖಂಡಗಳು ಕೂಡುವಲ್ಲಿ ಬಿಸಿ ಅನಿಲ ಹೊರಬಾರದಂತೆ ಎರಡೆರಡು ಓ-ರಿಂಗುಗಳು. ಬಳೆಯ ಅಗಲ ಮೂರುವರೆ ಮೀಟರಿಗೂ ಹೆಚ್ಚು, ದಪ್ಪ ಮಾತ್ರ ಸುಮಾರು 7 ಮಿಲಿಮೀಟರ್. ಇಂತಹ ನೌಕೆಗಳ ಹಿಂದಿನ ಹಾರಾಟಗಳಲ್ಲಿಯೇ ಕೆಲವು ಬಳೆಗಳು ಸುಟ್ಟು ಸವೆದುದು ಕಂಡುಬಂದಿದ್ದಿತು. ನೌಕೆ ಸುರಕ್ಷಿತವಾಗಿ ಹಿಂದಿರುಗಿತಲ್ಲ ಎಂದು ಹಾರಾಟಗಳನ್ನು ಮುಂದುವರಿಸಿದರು. 1986ರ ಜನವರಿ 28ರ ಬೆಳಗ್ಗೆ ಹಾರಾಟದ ತಾಣದಲ್ಲಿ ಬಹಳ ಚಳಿ. ಹಿಂದಿನ ಸಂಜೆಯೇ ರಾಕೆಟ್ಟುಗಳನ್ನು ತಯಾರಿಸಿದ ಸಂಸ್ಥೆಯ ರೋಜರ್ ಬಾಯ್ಸ್‌ಜೋಲಿ ಮತ್ತು ಇತರ ಇಂಜಿನಿಯರುಗಳು, ಈ ಚಳಿಯಲ್ಲಿ ರಬ್ಬರು ಬಿರುಸಾಗುತ್ತದೆ, ಹಾರಿಸಬಾರದು ಎಂದು ವಾದಿಸಿದ್ದರು. ಅವರ ಮಾತು ನಡೆಯಲಿಲ್ಲ. ನೆಲ ಬಿಟ್ಟ 73 ಸೆಕೆಂಡುಗಳಲ್ಲಿ ನೌಕೆ ಚೂರಾಗಿ, ಒಬ್ಬ ಶಾಲಾ ಶಿಕ್ಷಕಿಯೂ ಸೇರಿ ಏಳು ಜನ ಮಡಿದರು. ವಿಚಾರಣೆಯ ಆಯೋಗದ ಸದಸ್ಯನಾಗಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ನನು ಎಲ್ಲರೆದುರು ಆ ರಬ್ಬರಿನ ತುಂಡೊಂದನ್ನು ಚಿಮಟಿಗೆಯಲ್ಲಿ ಹಿಸುಕಿ, ಮಂಜುಗಡ್ಡೆಯ ನೀರಿನ ಲೋಟದಲ್ಲಿ ಮುಳುಗಿಸಿ ತೆಗೆದನು. ಚಿಮಟಿಗೆಯನ್ನು ಬಿಚ್ಚಿದಾಗ ರಬ್ಬರು ತನ್ನ ಮೊದಲಿನ ಆಕಾರಕ್ಕೆ ಕೂಡಲೆ ಬರಲಿಲ್ಲ.

ಈಗ ಮತ್ತೆ ಘಟ್ಟದ ಮೇಲಿನ ಒಂದು ರಿಪೇರಿ ಅಂಗಡಿಗೆ ಬರೋಣ. ಇಂತಹ ಅಂಗಡಿಗಳಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಈ ಬಗೆಯ ಸಂಭಾಷಣೆ ಕೇಳಿಬರುತ್ತದೆ.

“ಇದೇನು ಮೇಸ್ತ್ರಿ, ಮಳೆಗೆ ಮೊದಲಷ್ಟೇ ಪೇಟೆಯಲ್ಲಿ ಸೀಲು ಹಾಕಿಸಿದ್ದೆ. ಮತ್ತೆ ಸೋರುತ್ತಿದೆಯಲ್ಲ!”

“ಸೀಲು ಹಾಕಿದ್ದು ಹೌದು ಹೆಗಡೇರೆ. ಕೊಳವೆಯನ್ನು ನೋಡಿದ್ದರೊ?”

“ಕೊಳವೆಗೇನಾಗಿದೆ? ಹೊಳೆಯುತ್ತಿದೆ.”

“ಇಲ್ಲಿ ಉಗುರು ಆಡಿಸಿ ನೋಡಿ.”

“ಹೌದಲ್ಲ, ಏನೋ ಸಿಕ್ಕಿಕೊಳ್ಳುತ್ತದೆ.”

“ಅದೇ. ಅಂಗಳದಲ್ಲಿ ಮಳೆಗೆ ನಿಂತ ಬಂಡಿ. ಕ್ರೋಮಿನ ಒಳಗೆ ತುಕ್ಕು ಹೊಕ್ಕಿದೆ. ನೀವು ಹತ್ತು ಸೀಲು ತಂದರೂ ಆ ಹಲ್ಲು ಹತ್ತನ್ನೂ ತಿನ್ನುತ್ತದೆ.”

ಅನುಭವಿಯಾದ ಮೇಸ್ತ್ರಿ ಸೀಲಿಗೆ ಕೈಹಾಕುವ ಮೊದಲು ಇನ್ನೂ ಒಂದು ಸುಲಭದ ಪರೀಕ್ಷೆಯನ್ನು ಮಾಡುತ್ತಾನೆ. ಎಷ್ಟೋ ಸಲ ಸೀಲು ಹರಿದಿರುವುದಿಲ್ಲ. ಕೆಮ್ಮಣ್ಣಿನ ಹರಳೊಂದು ಅದರ ತುಟಿಯ ಕೆಳಗೆ ಸೇರಿ ಬಾಯಿಯನ್ನು ತೆರೆದು ಹಿಡಿದಿರುತ್ತದೆ. ಧೂಳು ತಡೆಯುವ ಮೇಲಿನ ಮುಚ್ಚಿಗೆಯನ್ನು ಸರಿಸಿ, ಹಳೆಯ ಕ್ಯಾಮರಾ ಫಿಲ್ಮಿನ ಒಂದು ತುಂಡನ್ನು ಮೆಲ್ಲನೆ ತುಟಿಯ ಒಳಗೆ ತೂರಿಸಿ ಸುತ್ತಲೂ ಎಳೆದರೆ ಹರಳು ಹೊರಬರುತ್ತದೆ. ಸೋರಿಕೆ ಅಲ್ಲಿಗೆ ನಿಂತರೆ ನಿಂತಿತು. ಕಾಸಿನ ಖರ್ಚಿಲ್ಲದ ಉಪಾಯ ಇದು. ಆದರೆ ಇದಕ್ಕೂ ಕಾಲವಿದೆ: ಹರಳು ವಾರಗಟ್ಟಲೆ ಅಲ್ಲಿಯೇ ಉಳಿದರೆ ತುಟಿಯನ್ನೂ ಕೊಳವೆಯನ್ನೂ ಗೀರಿ ಕೆಡಿಸಿರುತ್ತದೆ.

ಫಿಲ್ಮಿನಿಂದ ಕೆಲಸವಾಗದಿದ್ದರೆ ಚಕ್ರವನ್ನು ಕಳಚಿ ಕಾಲುಗಳನ್ನು ಬಿಚ್ಚಬೇಕು. ಮೇಲಿನ ಮುಚ್ಚಳದ ಕೆಳಗೆ ಒತ್ತಿ ಕುಳಿತ ಸ್ಪ್ರಿಂಗು ಮುಖಕ್ಕೆ ಚಿಮ್ಮಬಲ್ಲದು. ಗುರುವಿಲ್ಲದೆ ಕಲಿಯುವ ಹುಡುಗರು ಇಲ್ಲಿಯೇ ಪೆಟ್ಟು ತಿನ್ನುವುದು. ಹಳೆಯ ಎಣ್ಣೆಯನ್ನು ಡಬ್ಬಿಗೆ ಹಿಡಿಯುತ್ತಾರೆ. ಅದನ್ನು ಚರಂಡಿಗೆ ಸುರಿದರೆ ಅದು ಹೋಗುವುದು ಹಳ್ಳಕ್ಕೆ, ಹಳ್ಳದಿಂದ ಕೆಳಗಿನ ಯಾರದೋ ತೋಟದ ಕಾಲುವೆಗೆ. ಎಣ್ಣೆ ಕಪ್ಪಾಗಿ ವಾಸನೆಯಾಗಿದ್ದರೆ ಬಹಳ ಕಾಲ ಬದಲಿಸಿಲ್ಲವೆಂದೂ, ಹಾಲು ಬೆರೆಸಿದಂತಿದ್ದರೆ ಮಳೆಯ ನೀರು ಸೇರಿದೆಯೆಂದೂ ಮೇಸ್ತ್ರಿ ಹೇಳಬಲ್ಲನು. ಅನಂತರ ಉಕ್ಕಿನ ಕೊಳವೆಯ ಪರೀಕ್ಷೆ. ಸಣ್ಣ ಮುಳ್ಳಿನಂತಹ ಏರು ಇದ್ದರೆ ಅತಿ ನುಣುಪಾದ ಕಲ್ಲಿನಿಂದ ಅದನ್ನು ತೀಡಬಹುದು. ತುಕ್ಕಿನ ಗುಳಿ ಆಳವಾಗಿದ್ದರೆ ಅಥವಾ ಕೊಳವೆ ಬಾಗಿದ್ದರೆ ಹೊಸ ಕೊಳವೆಯೇ ಬೇಕು. ಕೊಳವೆಯ ಬೆಲೆ ಸೀಲಿನ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು. ಮೇಸ್ತ್ರಿಯ ಪ್ರಾಮಾಣಿಕತೆಯ ಪರೀಕ್ಷೆಯೂ ಯಜಮಾನನ ವಿವೇಕದ ಪರೀಕ್ಷೆಯೂ ಇಲ್ಲಿಯೇ ಆಗುವುದು. ಸೀಲನ್ನಷ್ಟೇ ಹಾಕಿ ಕಳುಹಿಸಿದರೆ ಇಬ್ಬರಿಗೂ ಅಂದಿಗೆ ಸುಖ. ಆರು ತಿಂಗಳಿಗೆ ಮತ್ತೆ ಅದೇ ಅಂಗಡಿ, ಅದೇ ಮಾತು.

ಹೊಸ ಸೀಲಿನ ತುಟಿಗೆ ಎಣ್ಣೆ ಸವರಿ, ಅದು ವಾರೆಯಾಗದಂತೆ ಸುತ್ತಲೂ ಸಮನಾಗಿ ತಟ್ಟಿ ಕೂರಿಸುತ್ತಾರೆ. ಎಡಕಾಲು ಮಾತ್ರ ಸೋರುತ್ತಿದ್ದರೂ ಬಲಕಾಲಿನ ಎಣ್ಣೆಯನ್ನೂ ಬದಲಿಸಬೇಕು. ಸಣ್ಣ ಮೋಟಾರು ಸೈಕಲ್ಲಿಗೆ ಕಾಲೊಂದಕ್ಕೆ ಸಾಮಾನ್ಯವಾಗಿ 150ರಿಂದ 200 ಮಿಲಿಲೀಟರ್ ಎಣ್ಣೆ ಸಾಕು. ತಯಾರಕರ ಪುಸ್ತಕದಲ್ಲಿ ಹೇಳಿದಷ್ಟೇ, ಹೇಳಿದ ಜಾತಿಯದೇ ಆಗಿರಬೇಕು. ಎರಡು ಕಾಲುಗಳಲ್ಲಿಯೂ ಸಮನಾಗಿರಬೇಕು. ಅಳತೆಯ ಪಾತ್ರೆಯಿಲ್ಲದೆ ಕಣ್ಣಂದಾಜಿನಿಂದ ಸುರಿಯುವುದು ಚಹದ ಹೋಟೆಲಿಗೆ ಸರಿ, ಈ ಕೆಲಸಕ್ಕೆ ಸಲ್ಲದು.

ಜೋಡಣೆ ಮುಗಿದ ಮೇಲೆ ಮುಂಬ್ರೇಕನ್ನು ಹಿಡಿದು ಹ್ಯಾಂಡಲನ್ನು ಹಲವು ಸಲ ಕೆಳಕ್ಕೆ ಒತ್ತಿ ಬಿಡುತ್ತಾರೆ. ಸರಿಯಾಗಿದ್ದರೆ ಬಂಡಿ ಒಮ್ಮೆ ಏರಿ ನಿಲ್ಲುತ್ತದೆ, ತೂಗಾಡುವುದಿಲ್ಲ. ಕೊಳವೆಗಳನ್ನು ಒಣ ಬಟ್ಟೆಯಿಂದ ಒರೆಸಿ, ಹತ್ತಿರದ ಇಳಿಜಾರಿನಲ್ಲಿ ಹೋಗಿ ಬಂದು, ಬೆರಳಿನಿಂದ ಮುಟ್ಟಿ ನೋಡುತ್ತಾರೆ. ಬೆರಳು ಸ್ವಲ್ಪ ಜಿಡ್ಡಾದರೆ ಅದು ಇರಬೇಕಾದ ಪೊರೆ; ಬಾಯಿಯ ಸುತ್ತ ಎಣ್ಣೆ ಉಂಗುರವಾಗಿ ನಿಂತಿದ್ದರೆ ಮತ್ತೆ ಬಿಚ್ಚಬೇಕು. ಆ ರಾತ್ರಿ ಮನೆಯ ಜಗುಲಿಯ ಕೆಳಗೆ, ಮಳೆ ತಾಗದ ಕಡೆ ಬಂಡಿಯನ್ನು ನಿಲ್ಲಿಸಿ, ಮುಂಚಕ್ರದ ಅಡಿಗೆ ಒಂದು ಹಳೆಯ ವೃತ್ತಪತ್ರಿಕೆಯನ್ನು ಹಾಸುತ್ತಾರೆ. ಬೆಳಗಾದ ಮೇಲೆ ಹಾಲಿನ ಕ್ಯಾನನ್ನು ಕಟ್ಟುವ ಮೊದಲು ಕಾಗದದ ಮೇಲೆ ಕಲೆಯುಂಟೋ ಇಲ್ಲವೋ ಎಂದು ನೋಡುತ್ತಾರೆ.